ಸಾವಿರ ಡಬ್ಬಿಯ ಒಂದು ದಿನ

ಲೆಕ್ಕ ಸರಳ. ದಿನಕ್ಕೆ 1,440 ನಿಮಿಷ. ಅಷ್ಟರಲ್ಲಿ ಸಾವಿರ ಡಬ್ಬಿ ಹುಡುಕಿ, ತೆರೆದು, ಒಳಗಿನ ಚೀಟಿಗೆ ಸಹಿ ಹಾಕಿ, ಮುಚ್ಚಿಟ್ಟು ಹೊರಡಬೇಕೆಂದರೆ ಒಂದೊಂದಕ್ಕೆ ಸಿಗುವುದು ಎಂಬತ್ತಾರು ಸೆಕೆಂಡು. ಊಟ, ನಿದ್ದೆ, ಪೆಟ್ರೋಲು ಎಲ್ಲವೂ ಅದರಲ್ಲೇ ಸೇರಬೇಕು. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ ಈ ಲೆಕ್ಕವನ್ನು ನಿಜ ಮಾಡಿ ತೋರಿಸಿದವರಿದ್ದಾರೆ. ಒಂದೇ ದಿನದಲ್ಲಿ ಸಾವಿರ ದಾಟಿದ ತಂಡಗಳ ಹೆಸರನ್ನು, ಜಿಪಿಎಸ್ ಹಿಡಿದು ಅಡಗಿಸಿಟ್ಟ ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್ ಎಂಬ ಆಟ ಆಡುವವರು ಎವರೆಸ್ಟ್ ಹತ್ತಿದವರ ಹೆಸರಿನಂತೆ ಹೇಳುತ್ತಾರೆ. ಈ ಖ್ಯಾತಿ ಅತಿಯಾಯಿತು ಎನ್ನುವುದು ಇಲ್ಲಿಯ ತಕರಾರು. ಅವಸರ ಕೆಟ್ಟದ್ದು ಎಂಬ ಹಳೆಯ ತಕರಾರು ಮಾತ್ರ ಇದಲ್ಲ. ಅದನ್ನು ಹೇಳುವವರ ಜೊತೆಗೂ ಒಂದಿಷ್ಟು ಜಗಳ ಬಾಕಿ ಇದೆ.

ಆಟದ ಹುಟ್ಟು ಗೊತ್ತಿರುವಂಥದ್ದೇ. 2000ದ ಮೇ ಮೊದಲ ವಾರದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ನೂರು ಮೀಟರು ಅತ್ತಿತ್ತ ತೋರಿಸುತ್ತಿದ್ದ ಯಂತ್ರ ರಾತ್ರೋರಾತ್ರಿ ಹತ್ತಿಪ್ಪತ್ತು ಮೀಟರಿಗೆ ಬಂತು. ಮೇ 3ರಂದು ಡೇವ್ ಉಲ್ಮರ್ ಎಂಬಾತ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ಟು ಅಡಗಿಸಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಜಗತ್ತಿಗೆ ಹೇಳಿದ. ಒಳಗಿದ್ದ ಸಾಮಾನಿನಲ್ಲಿ ಒಂದು ನೋಟ್‌ಬುಕ್ಕು, ಒಂದು ಕ್ಯಾಟರ್‌ಬಿಲ್ಲು, ಒಂದು ಡಬ್ಬಿ ಬೀನ್ಸ್ ಕಾಳು. ಏನಾದರೂ ತೆಗೆದುಕೊಳ್ಳಿ, ಏನಾದರೂ ಇಡಿ, ಬುಕ್ಕಿನಲ್ಲಿ ಬರೆಯಿರಿ, ನಿಯಮ ಅಷ್ಟೇ. ಈಗ ಜಗತ್ತಿನಲ್ಲಿ ಇಂಥವು ಮೂವತ್ತು ಲಕ್ಷ ಮೀರಿವೆ. ಬಕೆಟ್ಟು ಕುಗ್ಗಿ ಕುಗ್ಗಿ ಫಿಲ್ಮ್ ರೋಲಿನ ಡಬ್ಬಿಯಾಗಿದೆ, ನೋಟ್‌ಬುಕ್ಕು ಸುರುಳಿ ಸುತ್ತಿದ ಕಾಗದದ ಪಟ್ಟಿಯಾಗಿದೆ. ಆದರೂ ಮೂಲ ಷರತ್ತು ಮಾತ್ರ ಹಾಗೇ ಉಳಿದಿದೆ: ಚೀಟಿಯ ಮೇಲೆ ಸಹಿ ಬಿದ್ದರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಇನ್ನೊಂದು ನಿಯಮವೂ ಇದೆ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರು, ಅಂದರೆ ಮೈಲಿಯ ಹತ್ತನೆಯ ಒಂದು ಭಾಗ, ಅಂತರ ಇರಬೇಕು. ಊರೆಲ್ಲ ಡಬ್ಬಿ ತುಂಬದಿರಲಿ ಎಂದು ಹಾಕಿದ ಬೇಲಿ ಅದು. ಜಾಣರು ಬೇಲಿಯನ್ನೇ ಗಜಕಡ್ಡಿ ಮಾಡಿಕೊಂಡರು. ರಸ್ತೆಯ ಬದಿಗೆ 161 ಮೀಟರಿಗೊಂದರಂತೆ ಇಡುತ್ತಾ ಹೋದರೆ ನೂರಾ ಅರವತ್ತೊಂದು ಕಿಲೋಮೀಟರಿನಲ್ಲಿ ಸಾವಿರ ಡಬ್ಬಿ ಕೂರುತ್ತವೆ. ಇಂಥ ಸಾಲಿಗೆ ಪವರ್ ಟ್ರೇಲ್ ಎಂದು ಹೆಸರು. ಎಲ್ಲಕ್ಕಿಂತ ಹೆಸರಾದದ್ದು ನೆವಾಡಾದ 375ನೇ ರಾಜ್ಯ ಹೆದ್ದಾರಿಯದು. ಹಾರುವ ತಟ್ಟೆಗಳ ಕಥೆಗಳಿಂದಾಗಿ 'ಅನ್ಯಗ್ರಹ ಹೆದ್ದಾರಿ' ಎಂದು 1996ರಲ್ಲಿ ಅಧಿಕೃತವಾಗಿಯೇ ನಾಮಕರಣಗೊಂಡ ರಸ್ತೆ ಅದು. ರಸ್ತೆ ನೇರ, ವಾಹನ ವಿರಳ, ಮರವಿಲ್ಲ, ಮನೆಯಿಲ್ಲ, ಕೇಳುವವರಿಲ್ಲ. 2011ರಲ್ಲಿ ಹೆದ್ದಾರಿ ಇಲಾಖೆ ಸುರಕ್ಷತೆಯ ಪ್ರಶ್ನೆ ಎತ್ತಿದ್ದರಿಂದ ಸಾಲನ್ನು ಒಮ್ಮೆ ಕಿತ್ತುಹಾಕಬೇಕಾಯಿತು, ಆಮೇಲೆ ಮತ್ತೆ ಹಾಕಿದರು.

ಇದನ್ನೇ ಮಲೆನಾಡಿನ ಕೊಪ್ಪ–ಶೃಂಗೇರಿ ರಸ್ತೆಗೆ ಹಾಕಿ ನೋಡಿ. ಸುಮಾರು ಮೂವತ್ತು ಕಿಲೋಮೀಟರು. ಭಾಗಿಸಿದರೆ ನೂರಾ ಎಂಬತ್ತು ಚಿಲ್ಲರೆ ಡಬ್ಬಿ. ಕಾಗದದ ಮೇಲೆ ನಾಲ್ಕೂವರೆ ಗಂಟೆಯ ಕೆಲಸ. ಈಗ ಮೊದಲ ಡಬ್ಬಿಗೆ ಇಳಿಯಿರಿ. ಕಾರು ನಿಲ್ಲಿಸಲು ಜಾಗವಿಲ್ಲ: ಒಂದು ಕಡೆ ಧರೆ, ಇನ್ನೊಂದು ಕಡೆ ಚರಂಡಿ, ಅದರಾಚೆ ಯಾರದೋ ತೋಟದ ಅಗಳು. ಮೊಬೈಲಿನ ಬಾಣ ಮರಗಳ ಅಡಿಯಲ್ಲಿ ಅತ್ತ ಹದಿನೈದು ಹೆಜ್ಜೆ, ಇತ್ತ ಹದಿನೈದು ಹೆಜ್ಜೆ ತೂಗಾಡುತ್ತದೆ. ಉಪಗ್ರಹದ ಸಂಕೇತ ಕಣಿವೆಯ ಗೋಡೆಗೂ ತೊಯ್ದ ಎಲೆಗೂ ಬಡಿದು ಸುತ್ತಿಬಳಸಿ ಬರುತ್ತಿರುತ್ತದೆ. ಕಲ್ಲೆತ್ತಿದರೆ ಉಂಬಳ. ಅಷ್ಟರಲ್ಲಿ ದಣಪೆಯ ಹತ್ತಿರ ಒಬ್ಬರು ಬಂದು ನಿಂತು, "ಎಂತ ಹುಡುಕ್ತಿದೀರಿ? ಯಾರ ಮನೆಗೆ ಹೋಗ್ಬೇಕಿತ್ತು?" ಎನ್ನುತ್ತಾರೆ. ಎಂಬತ್ತಾರು ಸೆಕೆಂಡು ಆ ಪ್ರಶ್ನೆಯ ಉತ್ತರಕ್ಕೇ ಸಾಲದು. ಉತ್ತರ ತಡವರಿಸಿದರೆ ಇನ್ನೂ ಕಷ್ಟ. ಕೂಂಬಿಂಗ್ ಎಂಬ ಶಬ್ದ ದಿನಬಳಕೆಯ ಕನ್ನಡವಾಗಿಬಿಟ್ಟಿದ್ದ ಸೀಮೆ ಇದು. ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಹತ್ತಿರ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದದ್ದು 2005ರ ಫೆಬ್ರವರಿಯಲ್ಲಿ. ಮೋರಿಯ ಕೆಳಗೆ ಹಸಿರು ಟೇಪು ಸುತ್ತಿದ ಡಬ್ಬಿ ಇಟ್ಟು ಬರುವ ಅಪರಿಚಿತನನ್ನು ಇಲ್ಲಿ ಯಾರೂ ಆಟಗಾರ ಎಂದುಕೊಳ್ಳುವುದಿಲ್ಲ. ಶೃಂಗೇರಿಯಿಂದ ಕೆರೆಕಟ್ಟೆಯ ಕಡೆಗೆ ಸರಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ನರಸಿಂಹರಾಜಪುರದ ಆಚೆ ಹೋದರೆ ಭದ್ರಾ ಅಭಯಾರಣ್ಯ. ಅಲ್ಲಿ ಅನುಮತಿಯಿಲ್ಲದೆ ರಸ್ತೆ ಬಿಟ್ಟು ಒಳಗಿಳಿಯುವುದೇ ಅಪರಾಧ.

ಸಾವಿರದ ದಾಖಲೆಗೆ ಹುಡುಕುವ ಜಾಣ್ಮೆಗಿಂತ ಮೊದಲು ಬೇಕಾದದ್ದು ಹುಡುಕುವಂಥದ್ದೇನೂ ಇಲ್ಲದ ಜಾಗ. ದಾಖಲೆಯ ದೊಡ್ಡ ಪಾಲು ಮರುಭೂಮಿಯದು. ಉಳಿದದ್ದು ಒಂದು ತಂತ್ರದ್ದು. ಆ ತಂತ್ರವನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ದಾಖಲೆಯನ್ನು ಹೊಗಳುವವರು ಅದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ಅದರ ಹೆಸರು 'ತ್ರೀ ಕ್ಯಾಶ್ ಮಾಂಟೆ', ಬೀದಿಬದಿಯ ಮೂರೆಲೆ ಜೂಜಿನಿಂದ ಎರವಲು ತಂದದ್ದು. ಕಾರಿನಲ್ಲಿ ನಾಲ್ವರು. ಒಬ್ಬ ಓಡಿಸುವವ, ಒಬ್ಬ ದಾರಿ ನೋಡುವವ, ಒಬ್ಬ ಬಾಗಿಲ ಪಕ್ಕ ಕೂತ ಓಟಗಾರ, ಒಬ್ಬ ಸಹಿಯವ. ಹೊರಡುವಾಗಲೇ ಇವರ ಕೈಯಲ್ಲಿ ತಂಡದ ಠಸ್ಸೆ ಬಿದ್ದ ಒಂದು ಡಬ್ಬಿ ಇರುತ್ತದೆ. ಮೊದಲ ಜಾಗದಲ್ಲಿ ಓಟಗಾರ ಇಳಿದು ಆ ಡಬ್ಬಿಯನ್ನು ಅಲ್ಲಿ ಬಿಸಾಡಿ, ಅಲ್ಲಿದ್ದದ್ದನ್ನು ಎತ್ತಿಕೊಂಡು ಹತ್ತುತ್ತಾನೆ. ಬಾಗಿಲು ಮುಚ್ಚುವ ಮೊದಲೇ ಕಾರು ಹೊರಟಿರುತ್ತದೆ. ಮುಂದಿನ 161 ಮೀಟರು ಓಡುವಷ್ಟರಲ್ಲಿ ಸಹಿಯವ ಎತ್ತಿ ತಂದ ಡಬ್ಬಿ ತೆರೆದು, ಚೀಟಿ ಬಿಡಿಸಿ, ಠಸ್ಸೆ ಒತ್ತಿ, ಸುತ್ತಿ ಮುಚ್ಚುತ್ತಾನೆ. ಎರಡನೆಯ ಜಾಗದಲ್ಲಿ ಅದನ್ನು ಬಿಟ್ಟು, ಅಲ್ಲಿಯದನ್ನು ಎತ್ತಿಕೊಳ್ಳುತ್ತಾರೆ. ಹೀಗೆ ಸಾವಿರ ಸಲ. ಸಹಿ ಹಾಕುವ ಹೊತ್ತು ಓಡುವ ಹೊತ್ತಿನೊಳಗೆ ಅಡಗಿಹೋಗುತ್ತದೆ. ನಿಂತಲ್ಲಿ ಉಳಿಯುವುದು ಬಗ್ಗುವ, ಬಿಡುವ, ಎತ್ತುವ ಕೆಲಸ ಮಾತ್ರ. ಎಂಬತ್ತಾರು ಸೆಕೆಂಡಿನ ಗುಟ್ಟು ಇದು.

ಕಾರ್ಖಾನೆಯ ಕೆಲಸವಾಗಿ ನೋಡಿದರೆ ಮೆಚ್ಚಬೇಕಾದ್ದೇ. ಅಡಿಕೆ ಸುಲಿಯುವ ಮನೆಯಲ್ಲಿ ಒಬ್ಬರು ಗೊನೆಯಿಂದ ಬಿಡಿಸಿ ಕೊಡುತ್ತಾ, ಇನ್ನೊಬ್ಬರು ಸುಲಿಯುತ್ತಾ, ಮತ್ತೊಬ್ಬರು ಹಂಡೆಗೆ ಒಯ್ಯುವಾಗ ಇರುವ ಲಯ ಇದರಲ್ಲೂ ಇದೆ. ಆದರೆ ಈಗ ಚೀಟಿಯ ಕಡೆಯಿಂದ ನೋಡಿ.

ನೂರನೆಯ ಜಾಗದ ಡಬ್ಬಿಯಲ್ಲಿ ಸುತ್ತಿಟ್ಟ ಕಾಗದಕ್ಕೆ ಒಂದು ಕೆಲಸ ಇತ್ತು: ಈ ಜಾಗಕ್ಕೆ ಯಾರು, ಯಾವ ದಿನ ಬಂದರು ಎಂದು ಹೇಳುವುದು. ಮೊದಲ ತಂಡ ಹಾದುಹೋದ ಮೇಲೆ ಆ ಕಾಗದ ನೂರಾ ಒಂದನೆಯ ಜಾಗದಲ್ಲಿದೆ. ಎರಡನೆಯ ತಂಡ ಹಾದರೆ ನೂರಾ ಎರಡರಲ್ಲಿ. ಹತ್ತು ತಂಡ ಹಾದರೆ ಒಂದೂವರೆ ಕಿಲೋಮೀಟರು ಆಚೆ. ಅದರ ಮೇಲಿರುವ ಹೆಸರುಗಳಲ್ಲಿ ಒಂದೂ ಅದು ಈಗ ಕೂತ ಜಾಗದಲ್ಲಿ ಬರೆದದ್ದಲ್ಲ, ಎಲ್ಲವೂ ಓಡುವ ಕಾರಿನಲ್ಲಿ ಬಿದ್ದ ಠಸ್ಸೆ. ಯಾರಾದರೂ ಒಬ್ಬ ಬಡಪಾಯಿ ನಿಂತು, ಬಗ್ಗಿ, ಪೆನ್ಸಿಲಿನಲ್ಲಿ ತನ್ನ ಹೆಸರು ಬರೆದಿದ್ದರೂ ಅವನ ಹೆಸರು ಅವನು ಕಾಣದ ಕಲ್ಲಿನಡಿ ಹೋಗಿ ಕೂತಿರುತ್ತದೆ. ಸಾಕ್ಷಿಗೆ ಕರೆದರೆ ಆ ಚೀಟಿ ಪ್ರತಿ ಪ್ರಶ್ನೆಗೂ ಸುಳ್ಳೇ ಹೇಳಬೇಕು.

ದಾಖಲೆಯವರ ಸಮರ್ಥನೆಗಳು ಮೂರು. ಡಬ್ಬಿಗಳೆಲ್ಲ ಒಂದೇ ಥರ, ಯಾವುದು ಎಲ್ಲಿದ್ದರೇನು ಎನ್ನುವುದು ಒಂದು. ಇದು ಒಪ್ಪಿಕೊಳ್ಳುವಿಕೆಯೇ ಹೊರತು ಸಮರ್ಥನೆಯಲ್ಲ. ಯಾವುದು ಎಲ್ಲಿದ್ದರೂ ನಡೆಯುವುದಾದರೆ ಸಾವಿರ ಜಾಗ ಏಕೆ, ಒಂದೇ ಡಬ್ಬಿಗೆ ಸಾವಿರ ಸಲ ಠಸ್ಸೆ ಒತ್ತಬಹುದಲ್ಲ? ಡಬ್ಬಿ ಇಟ್ಟವರೇ ಒಪ್ಪಿದ್ದಾರೆ ಎನ್ನುವುದು ಎರಡನೆಯದು. ಒಪ್ಪಿರಬಹುದು; ಆದರೆ ಸಿಕ್ಕ ಡಬ್ಬಿಯನ್ನು ಸಿಕ್ಕಲ್ಲೇ, ಸಿಕ್ಕ ಹಾಗೇ ಇಡುವುದು ಈ ಆಟದಲ್ಲಿ ಮಕ್ಕಳಿಗೂ ಮೊದಲು ಹೇಳಿಕೊಡುವ ಪಾಠ. ಮೂರನೆಯದು ಎಲ್ಲ ಆಟಗಳಲ್ಲೂ ಸೋತವರು ಹೇಳುವಂಥದ್ದು: ಅವರವರ ಆಟ ಅವರವರದು. ಖಾಸಗಿ ಖುಷಿಗೆ ಈ ಮಾತು ಸರಿ. ದಾಖಲೆ ಎಂದು ಊರಿಗೆ ಸಾರಿದ ಮೇಲೆ ಅದು ನಡೆಯುವುದಿಲ್ಲ.

ಎರಡು ಕಾರು ಹಂಚಿಕೊಂಡು ಮುಂದೊಂದು ಹಿಂದೊಂದು ಹಾರುತ್ತಾ ಹೋಗಿ, ಕೊನೆಗೆ ಎಲ್ಲರೂ ಎಲ್ಲವನ್ನೂ ಕಂಡೆವೆಂದು ಬರೆದುಕೊಳ್ಳುವ ಪದ್ಧತಿಯೂ ಇದೆ. ಅದರ ಬಗ್ಗೆ ವಿಮರ್ಶೆ ಬೇಡ.

ಇನ್ನು ಇನ್ನೊಂದು ಪಕ್ಷದವರು. ಭಾನುವಾರದ ಪುರವಣಿಗಳಲ್ಲಿ ನಿಧಾನ ಪ್ರವಾಸದ ಉಪದೇಶ ಮಾಡುವವರಿಗೆ ಇಂಥ ಸುದ್ದಿ ಸಿಕ್ಕರೆ ಹಬ್ಬ. ಸಂಖ್ಯೆಯ ಹುಚ್ಚು, ಅವಸರದ ಬದುಕು, ಆಧುನಿಕ ಮನುಷ್ಯ ಎಂದು ಶುರುವಾಗಿ ಮೂರನೆಯ ಪ್ಯಾರಾದೊಳಗೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ, ಸಾವಧಾನದ ಮಾತಿರುವ ಮೊದಲ ಪುಟಕ್ಕೆ ಬಂದು ನಿಲ್ಲುತ್ತಾರೆ. ಆ ಪುಟವನ್ನು ಇಲ್ಲಿ ಉದ್ಧರಿಸಬೇಕಾಗಿಲ್ಲ, ಎಲ್ಲರಿಗೂ ಬಾಯಿಪಾಠ. ಮಲೆನಾಡಿನಲ್ಲಿ ನಲವತ್ತು ಕಿಲೋಮೀಟರಿಗಿಂತ ಜೋರಾಗಿ ಹೋದವರ ಮೇಲೆಲ್ಲ ಅದನ್ನು ಬೀಸುವುದು ಕನ್ನಡ ಪ್ರವಾಸ ಬರಹದ ಚಾಳಿಯಾಗಿ ಎಷ್ಟೋ ಕಾಲವಾಯಿತು.

ಮೊದಲ ಪುಟ ಓದಿದವರು ಎರಡನೆಯದನ್ನೂ ತಿರುವಬೇಕಿತ್ತು. ಕಾದಂಬರಿ ತೆರೆದುಕೊಳ್ಳುವುದು ನಾಯಿಗುತ್ತಿಯ ನಡಿಗೆಯಿಂದ. ಸಿಂಬಾವಿಯ ಹೆಗ್ಗಡೆಯ ಆಳು, ಒಡೆಯನ ಕಾಗದ ಕೈಯಲ್ಲಿ, ಹುಲಿಯ ಎಂಬ ನಾಯಿ ಹಿಂದೆ, ತಿಮ್ಮಿಯನ್ನು ಹಾರಿಸಿಕೊಂಡು ಬರುವ ಯೋಚನೆ ತಲೆಯಲ್ಲಿ. ಅವನು ಕಾಡು ದಾಟಿ ಮನೆಯಿಂದ ಮನೆಗೆ, ಹಟ್ಟಿಯಿಂದ ಹಟ್ಟಿಗೆ ತಿರುಗುತ್ತಾನೆ. ಒಂದೊಂದು ಜಾಗದಲ್ಲೂ ಒಂದೊಂದು ಕೆಲಸ, ಒಂದೊಂದು ಮಾತು, ಒಂದೊಂದು ಬೈಗುಳ. ಆರಾಮಾಗಿ ಪ್ರಕೃತಿ ನೋಡುತ್ತಾ ಕೂರುವ ಭಾಗ್ಯ ಅವನಿಗೆಲ್ಲಿ? ಕೂತು ನೋಡುವವರು ಜಗಲಿಯ ಮೇಲಿದ್ದಾರೆ. ನಿಧಾನವನ್ನೇ ಮಲೆನಾಡಿನ ಸ್ವಭಾವ ಎಂದು ಸಾರುವವರು ಜಗಲಿಯ ಕಡೆಯಿಂದ ಮಾತಾಡುತ್ತಿದ್ದಾರೆ, ಅಷ್ಟೇ. ಇದೇ ಜನ ಕವಿಯ ಮನೆಯೆಂದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಿ ನಿಟ್ಟುಸಿರು ಬಿಡುತ್ತಾರೆ. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಆ ಕಡೆ ತಿರುಗುವ ಕಾರು ಕಡಿಮೆ. ನಿಧಾನವಾಗಿ ಹೋದ ಮಾತ್ರಕ್ಕೆ ಹೋಗಬೇಕಾದಲ್ಲಿಗೆ ಹೋದಂತಾಗುವುದಿಲ್ಲ.

ಒಂದೇ ದಿನದಲ್ಲಿ ಇಷ್ಟು ಎಂಬ ಲೆಕ್ಕವೇನೂ ಅಮೆರಿಕದಿಂದ ಬಂದದ್ದಲ್ಲ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ: ಈ ಮೂರು ಆಂಜನೇಯರನ್ನು ಒಂದೇ ದಿನ ನೋಡಿದರೆ ಪುಣ್ಯ ಎಂದು ಶ್ರಾವಣದಲ್ಲಿ ಹಾವೇರಿ, ಶಿವಮೊಗ್ಗದ ರಸ್ತೆಗಳಲ್ಲಿ ಜನ ಓಡಾಡುತ್ತಾರೆ. ಶ್ರೀರಂಗಪಟ್ಟಣ, ಶಿವನಸಮುದ್ರ, ತಮಿಳುನಾಡಿನ ಶ್ರೀರಂಗ, ಮೂರೂ ರಂಗನಾಥರನ್ನು ಒಂದೇ ಹಗಲಿನಲ್ಲಿ ಮುಗಿಸುವ ಹಟ ಇನ್ನೂ ದೊಡ್ಡದು. ಅವಸರ ಇಲ್ಲೂ ಇದೆ, ಗಡಿಯಾರ ಇಲ್ಲೂ ಇದೆ. ಆದರೆ ಕಾಂತೇಶನನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ ಸಾತೇನಹಳ್ಳಿಯಲ್ಲಿ ಕೂರಿಸಿ, ಅಲ್ಲಿಯವನನ್ನು ಎತ್ತಿಕೊಂಡು ಶಿಕಾರಿಪುರಕ್ಕೆ ಹೊರಡುವ ಉಪಾಯ ಇದುವರೆಗೆ ಯಾವ ಭಕ್ತನಿಗೂ ಹೊಳೆದಿಲ್ಲ. ಮೂರ್ತಿಗಳು ನೋಡಲು ಸುಮಾರಾಗಿ ಒಂದೇ ಥರ ಇದ್ದರೂ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಗೆ ಇದರ ತದ್ರೂಪು ದಿನವೂ ಬರುತ್ತದೆ. ಬಯಲುಸೀಮೆಯಿಂದ ರಾತ್ರಿ ಹೊರಟ ಟೆಂಪೋ ಟ್ರಾವೆಲರ್ ಬೆಳಗ್ಗೆ ಹೊರನಾಡು ಮುಗಿಸಿ, ಶೃಂಗೇರಿಗೆ ಬಂದು, ಕಿಗ್ಗ, ಸಿರಿಮನೆ ಜಲಪಾತ, ಹರಿಹರಪುರ ನೋಡಿ, ಹೊತ್ತು ಉಳಿದರೆ ಕುಂದಾದ್ರಿ, ಮೋಡವಿಲ್ಲದಿದ್ದರೆ ಆಗುಂಬೆಯ ಸೂರ್ಯಾಸ್ತ. 2023ರ ಜೂನ್ 11ಕ್ಕೆ ಉಚಿತ ಬಸ್ಸಿನ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರು ಸರ್ಕಾರಿ ಬಸ್ಸು ಹಿಡಿದೇ ಇಂಥ ಸುತ್ತು ಹಾಕುತ್ತಾರೆ. ಪುರವಣಿಯವರು ಇವರನ್ನು ಕಂಡು ಮೂಗು ಮುರಿಯುತ್ತಾರೆ. ಮುರಿಯಬಾರದು. ಈ ದಿನದ ಒಳಗೆ ಯಾರೂ ಅವಸರಿಸಲಾಗದ ಗಂಟುಗಳಿವೆ. ಶೃಂಗೇರಿಯಲ್ಲಿ ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆ ತೆಗೆಯುವವರೆಗೆ ಕಾಯಬೇಕು. ಮಠದ ಊಟಕ್ಕೆ ಪಂಕ್ತಿಯಲ್ಲಿ ಕೂತರೆ ಸಾರು ಬರುವ ಹೊತ್ತಿಗೇ ಬರುತ್ತದೆ. ಮೀನಿಗೆ ಪುರಿ ಹಾಕಲು ತುಂಗೆಯ ಮೆಟ್ಟಿಲಿಗೆ ಇಳಿದ ಮಕ್ಕಳನ್ನು ಎಬ್ಬಿಸಿ ತರುವುದು ಯಾವ ಡ್ರೈವರಿಗೂ ಸಾಧ್ಯವಾಗಿಲ್ಲ. ಕಿಗ್ಗದಲ್ಲಿ ಇರುವುದು ಮಳೆ ತರುವ ಋಷ್ಯಶೃಂಗ. ಆರಿದ್ರೆಯಿಂದ ಆಶ್ಲೇಷದವರೆಗೆ ಆತ ಪ್ರಸನ್ನನಾಗಿದ್ದರೆ ಮುಂದಿನ ಕಾರ್ಯಕ್ರಮವೆಲ್ಲ ಆತನ ಕೈಯಲ್ಲಿ.

ಈ ಸುತ್ತಿಗೂ ದೋಷ ಇಲ್ಲದಿಲ್ಲ. ನರಸಿಂಹರಾಜಪುರ ಇದರಲ್ಲಿ ಬರುವುದೇ ಅಪರೂಪ. ಎಡೆಹಳ್ಳಿ ಎಂದಿದ್ದು, 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಪಡೆದ ಊರು; ಪಕ್ಕದಲ್ಲಿ ಸಿಂಹನಗದ್ದೆಯ ಜ್ವಾಲಾಮಾಲಿನಿ, ಆಚೆ ಭದ್ರೆಯ ಹಿನ್ನೀರು. ದಾರಿಗೆ ಸಿಗುವುದಿಲ್ಲವೆಂದು ಬಿಡುತ್ತಾರೆ. ಸಂಖ್ಯೆಯ ಆಟ ಎಲ್ಲ ಕಡೆಯೂ ಮಾಡುವ ಅನ್ಯಾಯ ಇದು: ಸಾಲಿಗೆ ಸೇರದ್ದು ಇಲ್ಲವೇ ಇಲ್ಲ.

ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದಲ್ಲೂ ಲೆಕ್ಕಕ್ಕೆ ಸಿಗುವಂಥದ್ದಿದೆ. ಹದಿನಾಲ್ಕನೆಯ ಶತಮಾನದ ಆ ಕಟ್ಟಡದ ಮಂಟಪದಲ್ಲಿ ಹನ್ನೆರಡು ಕಂಬ, ಕಂಬಕ್ಕೊಂದು ರಾಶಿ. ಎಣಿಸಲು ಒಂದು ನಿಮಿಷ ಸಾಕು. ಗೈಡುಗಳು ಅಷ್ಟರಲ್ಲೇ ಎಣಿಸಿ ಮುಗಿಸುತ್ತಾರೆ. ಆಯಾ ಮಾಸದ ಬಿಸಿಲು ಆಯಾ ರಾಶಿಯ ಕಂಬಕ್ಕೆ ಬೀಳುತ್ತದೆ ಎನ್ನುವುದು ಅವರು ಹೇಳುವ ಮಾತು. ಅದನ್ನು ನಂಬಿ ಪರೀಕ್ಷಿಸಲು ಹೊರಟವರಿಗೆ ಹನ್ನೆರಡು ಸಿಗಲು ಒಂದು ವರ್ಷ ಬೇಕು. ಕಂಬದ ಸಿಂಹದ ಬಾಯಿಯಲ್ಲಿ ಒಂದು ಕಲ್ಲಿನ ಗುಂಡು. ಬೆರಳು ಹಾಕಿದರೆ ಉರುಳುತ್ತದೆ, ಹೊರಗೆ ಬರುವುದಿಲ್ಲ. ಒಳಗಿರುವ ಹಾಗೆಯೇ ಕಡೆದದ್ದು. ಶತಮಾನಗಳಿಂದ ಎಷ್ಟು ಸಾವಿರ ಜನ ಅದನ್ನು ತಿರುಗಿಸಿ ಹೋಗಿದ್ದಾರೋ. ಗುಂಡು ಮಾತ್ರ ಪಕ್ಕದ ಕಂಬಕ್ಕೆ ಹೋಗಿಲ್ಲ.

ದಾಖಲೆಯವರ ಬಗ್ಗೆ ನ್ಯಾಯಕ್ಕೆ ಒಂದು ಮಾತು. ಇಪ್ಪತ್ತನಾಲ್ಕು ಗಂಟೆ ನಿದ್ದೆಯಿಲ್ಲದೆ, ಮರುಭೂಮಿಯ ಚಳಿಯಲ್ಲಿ, ಸಾವಿರ ಸಲ ಕಾರಿನಿಂದ ಇಳಿದು ಹತ್ತುವುದು ಸಣ್ಣ ಕೆಲಸವಲ್ಲ. ಮೊಣಕಾಲು ಸಾಕ್ಷಿ ಹೇಳುತ್ತದೆ, ಚೀಟಿ ಹೇಳದಿದ್ದರೂ. ಅನ್ಯಗ್ರಹ ಹೆದ್ದಾರಿಯ ಮೇಲಿನ ರೇಚಲ್ ಎಂಬ ಬೆರಳೆಣಿಕೆಯ ಮನೆಗಳ ಊರಿಗೆ ಇದರಿಂದ ಗಿರಾಕಿಗಳೂ ಬಂದರು. ಇದನ್ನು ಸಹನೆಯ ಸ್ಪರ್ಧೆ ಎಂದು ಕರೆದರೆ ಯಾರ ತಕರಾರೂ ಇಲ್ಲ. ಹುಡುಕಾಟದ ದಾಖಲೆ ಎಂದಾಗ ಮಾತ್ರ 'ಕರ್ವಾಲೊ' ಕಾದಂಬರಿ ನೆನಪಾಗುತ್ತದೆ. ಅಷ್ಟು ಜನ, ಅಷ್ಟು ದಿನ, ಒಂದು ಹಾರುವ ಓತಿ. ಕೊನೆಗೆ ಅದೂ ಕೈಗೆ ಸಿಗದೆ ತೇಲಿಹೋಗುತ್ತದೆ. ಜಿಯೋಕ್ಯಾಶಿಂಗ್‌ನಲ್ಲಿ 'ಸಿಗಲಿಲ್ಲ' ಎಂದು ಪ್ರಾಮಾಣಿಕವಾಗಿ ಬರೆದಿಡುವ ಒಂದು ಪದ್ಧತಿಯಿದೆ. ಸಾವಿರದ ದಿನದಲ್ಲಿ ಅದಕ್ಕೂ ಎಡೆಯಿಲ್ಲ: ಡಬ್ಬಿ ಕಾಣದಿದ್ದರೆ ಜೇಬಿನಿಂದ ಹೊಸದೊಂದನ್ನು ತೆಗೆದು ಅಲ್ಲಿ ಬಿಸಾಡಿ, ಅದನ್ನೇ ಕಂಡೆವೆಂದು ಬರೆದು ಮುಂದೆ ಹೋಗುವವರಿದ್ದಾರೆ.

ದಾಖಲೆಯ ಪಟ್ಟಿ ಮಾಡುವವರು ಇನ್ನು ಮುಂದೆ ಒಂದು ಕಾಲಂ ಹೆಚ್ಚಿಗೆ ಹಾಕಬೇಕು. ಮೊದಲನೆಯದರಲ್ಲಿ ಕಂಡದ್ದು ಎಷ್ಟು. ಎರಡನೆಯದರಲ್ಲಿ, ಕಂಡಲ್ಲೇ ಬಿಟ್ಟು ಬಂದದ್ದು ಎಷ್ಟು. ಮೂರು ಆಂಜನೇಯರನ್ನು ಮುಗಿಸಿ ರಾತ್ರಿ ಮನೆ ಸೇರಿದ ಬ್ಯಾಡಗಿಯ ಸಂಸಾರದ ಎದುರು 3, 3 ಎಂದು ಬರುತ್ತದೆ. ಟೆಂಪೋ ಟ್ರಾವೆಲರಿನ ಎದುರು 6, 6. ಆಗುಂಬೆಯಲ್ಲಿ ಮೋಡವಿತ್ತೆಂದು ಅವರೇ ಹೇಳಿಬಿಡುತ್ತಾರೆ. ನೆವಾಡಾದ ಮಾಂಟೆ ತಂಡಕ್ಕೆ ಮೊದಲ ಕಾಲಮಿನಲ್ಲಿ ಸಾವಿರದ ಮೇಲೆ ಎಷ್ಟಿದ್ದರೂ ಬರೆದುಕೊಡಬಹುದು, ಎರಡನೆಯದರಲ್ಲಿ ಸೊನ್ನೆ.